ಮುಖ ನೋಡಿ ಅಲ್ಲ, ಬೆನ್ನು ನೋಡಿ: ಹಳೆಯ ಬ್ಯಾರೋಮೀಟರ್ ಕೊಳ್ಳುವವರಿಗೆ

ಚಿಕ್ಕಪೇಟೆಯ ಭಾನುವಾರದ ಸಂತೆಯಲ್ಲಿ ನನಗೆ ಸಿಕ್ಕ ಮೊದಲ ಬ್ಯಾರೋಮೀಟರ್, ಅಂದರೆ ಗಾಳಿಯ ಒತ್ತಡ ಅಳೆಯುವ ಮಾಪಕ, ಕೆಟ್ಟುಹೋದ ಮಾಲು ಎಂದೇ ನನ್ನ ಕೈ ಸೇರಿತು. ಓಕ್ ಮರದ ದುಂಡನೆಯ ಚೌಕಟ್ಟು, ಹಿತ್ತಾಳೆಯ ಬಳೆ, ಬಿಳಿಯ ಮುಖಫಲಕ. ಮುಳ್ಳು ಮಾತ್ರ ‘ಸ್ಟಾರ್ಮಿ’ ಎಂಬ ಅಕ್ಷರಗಳನ್ನೂ ದಾಟಿ, ಅಂಕಿಗಳೇ ಇಲ್ಲದ ಖಾಲಿ ಜಾಗಕ್ಕೆ ಇಳಿದು ನಿಂತಿತ್ತು. “ನೆತ್ತಿ ಸುಡುವ ಬಿಸಿಲಿದೆ, ಇದು ಬಿರುಗಾಳಿ ತೋರಿಸುತ್ತಿದೆ. ಗೋಡೆಗೆ ಅಂದಕ್ಕೆ ಹಾಕಿಕೊಳ್ಳಿ ಸಾರ್” ಎಂದು ವ್ಯಾಪಾರಿ ಅರ್ಧ ಬೆಲೆಗೆ ಕೊಟ್ಟ. ನಾನೂ ಹಾಗೆಯೇ ನಂಬಿದ್ದೆ. ಎರಡು ವಾರದ ನಂತರ ಅದನ್ನು ತೊಡೆಯ ಮೇಲಿಟ್ಟುಕೊಂಡು ಮಂಗಳೂರಿನ ಬಸ್ಸು ಹತ್ತಿದೆ. ಸಕಲೇಶಪುರ ದಾಟಿ ಶಿರಾಡಿ ಘಾಟಿಯ ತಿರುವುಗಳಲ್ಲಿ ಬಸ್ಸು ಇಳಿಯುತ್ತಾ ಹೋದಂತೆ ಮುಳ್ಳು ಮೇಲೇರತೊಡಗಿತು. ಗಾಜನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದಾಗಲೆಲ್ಲ ಒಂದೊಂದು ಕೂದಲೆಳೆಯಷ್ಟು ಸರಿಯುತ್ತಿತ್ತು. ಮಂಗಳೂರಿನಲ್ಲಿ ಇಳಿಯುವಾಗ ಅದು 29.8 ಇಂಚಿನ ಮೇಲೆ ಕುಳಿತಿತ್ತು (ಗಾಳಿಯ ಒತ್ತಡ ಎತ್ತಿ ಹಿಡಿಯುವ ಪಾದರಸದ ಎತ್ತರ ಈ ಇಂಚು). ಉಪಕರಣದಲ್ಲಿ ಯಾವ ದೋಷವೂ ಇರಲಿಲ್ಲ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ ಎಂಬ ಸತ್ಯವನ್ನು ಅದು ಹೇಳುತ್ತಿತ್ತು, ಅಷ್ಟೇ.

ಈ ಲೇಖನ ಅಂಥ ಹುಚ್ಚು ಹತ್ತುತ್ತಿರುವವರಿಗೆ. ಹಳೆಯ ಕಾಲದ ಅಲಂಕಾರದ ವಸ್ತುಗಳಲ್ಲಿ ಬ್ಯಾರೋಮೀಟರನ್ನೇ ಮುಂದಿಡುವುದಕ್ಕೆ ಕಾರಣವಿದೆ. ಹಳೆಯ ಕನ್ನಡಿ, ಹೂದಾನಿ, ಚಹಾಪೆಟ್ಟಿಗೆಗಳು ಚೆಂದವಾಗಿದ್ದರೆ ಸಾಕು. ಇದು ಚೆಂದವಾಗಿಯೂ ಇರಬೇಕು, ಕೆಲಸವನ್ನೂ ಮಾಡಬೇಕು. ಆದ್ದರಿಂದ ಇಲ್ಲಿ ಮೋಸಕ್ಕೆ ಎರಡು ಬಾಗಿಲು.

ಮೊದಲು ಜಾತಿ ಗುರುತಿಸಿ

ಇಟಲಿಯ ಟೊರಿಚೆಲ್ಲಿ 1643–44ರಲ್ಲಿ ಪಾದರಸ ತುಂಬಿದ ಗಾಜಿನ ನಳಿಗೆಯನ್ನು ಪಾದರಸದ ಬಟ್ಟಲಲ್ಲಿ ತಲೆಕೆಳಗಾಗಿ ನಿಲ್ಲಿಸಿದಾಗ ದ್ರವ ಸುಮಾರು 760 ಮಿಲಿಮೀಟರ್ ಎತ್ತರದಲ್ಲಿ ನಿಂತಿತು. ಅದನ್ನು ಎತ್ತಿ ಹಿಡಿದದ್ದು ಹೊರಗಿನ ಗಾಳಿಯ ಭಾರ. ಆ ನಳಿಗೆಗೆ ಮರದ ಅಂಗಿ ತೊಡಿಸಿದರೆ ‘ಸ್ಟಿಕ್’ ಬ್ಯಾರೋಮೀಟರ್: ಮೂರಡಿಗೂ ಮೀರಿದ ಉದ್ದನೆಯ ಕೋಲು, ಮೇಲ್ತುದಿಯಲ್ಲಿ ಅಳತೆಪಟ್ಟಿ. 18ನೇ ಶತಮಾನದ ಲಂಡನ್ ಕುಶಲಕರ್ಮಿಗಳ ಕೈಯ ಸ್ಟಿಕ್‌ಗಳು ದುಬಾರಿ. ಹೊಸಬರು ಅವುಗಳನ್ನು ವಸ್ತುಸಂಗ್ರಹಾಲಯದಲ್ಲಿ ನೋಡಿ ಬರುವುದೇ ಲೇಸು.

ಎರಡನೆಯದು ‘ವ್ಹೀಲ್’ ಅಥವಾ ‘ಬ್ಯಾಂಜೊ’. ನಿಲ್ಲಿಸಿಟ್ಟ ತಂಬೂರಿಯನ್ನು ನೆನೆಯಿರಿ: ಕೆಳಗೆ ಬುರುಡೆಯಂಥ ದುಂಡು ಭಾಗ, ಮೇಲೆ ನೀಳ ಕತ್ತು. ಒಳಗೆ ‘ಜೆ’ ಆಕಾರದ ನಳಿಗೆಯಿದೆ. ಅದರ ಗಿಡ್ಡ ತೋಳಿನ ಪಾದರಸದ ಮೇಲೆ ಪುಟ್ಟ ಗಾಜಿನ ತೂಕವೊಂದು ತೇಲುತ್ತದೆ. ಅದಕ್ಕೆ ಕಟ್ಟಿದ ರೇಷ್ಮೆ ದಾರ ಒಂದು ರಾಟೆಯ ಮೇಲೆ ಹಾದು ಇನ್ನೊಂದು ತೂಕಕ್ಕೆ ಸೇರುತ್ತದೆ. ಪಾದರಸ ಏರಿಳಿದರೆ ರಾಟೆ ತಿರುಗುತ್ತದೆ, ರಾಟೆಯ ಅಚ್ಚಿಗೆ ಸಿಕ್ಕಿಸಿದ ಮುಳ್ಳೂ ತಿರುಗುತ್ತದೆ. ನಮ್ಮ ಬಾವಿಯ ರಾಟೆಯ ತತ್ತ್ವವೇ. ಇಂಗ್ಲೆಂಡಿನ ಈ ಬ್ಯಾರೋಮೀಟರುಗಳ ಮೇಲೆ ಟಾಲಿಯಾಬುಯೆ, ರೊಂಕೆಟ್ಟಿ, ಜಾಂಬ್ರಾ ಮುಂತಾದ ಇಟಲಿಯ ಹೆಸರು ಕಂಡರೆ ನಕಲಿಯೆಂದು ಬೆಚ್ಚಬೇಡಿ. ಕೋಮೋ ಸರೋವರದ ಸುತ್ತಲಿನ ಊರುಗಳಿಂದ ಗಾಜು ಊದುವವರು ವಲಸೆ ಬಂದು ಇಂಗ್ಲೆಂಡಿನಲ್ಲಿ ಈ ಕಸುಬನ್ನು ಬೆಳೆಸಿದರು. ಪ್ರಸಿದ್ಧ ನೆಗ್ರೆಟ್ಟಿ ಅಂಡ್ ಜಾಂಬ್ರಾ ಸಂಸ್ಥೆ ಲಂಡನ್ನಿನಲ್ಲಿ ಶುರುವಾದದ್ದು 1850ರಲ್ಲಿ. ಆ ಹೆಸರಿನ ಮುಂದೆ ಅದಕ್ಕೂ ಹಿಂದಿನ ಇಸವಿ ಕೊರೆದಿದ್ದರೆ ಮಾತ್ರ ಬೆಚ್ಚಬೇಕು.

ಮೂರನೆಯದು ‘ಅಡ್ಮಿರಲ್ ಫಿಟ್ಸ್‌ರಾಯ್’ ಬ್ಯಾರೋಮೀಟರ್. ಡಾರ್ವಿನ್ ಪಯಣಿಸಿದ ಬೀಗಲ್ ಹಡಗಿನ ಕಪ್ತಾನ ರಾಬರ್ಟ್ ಫಿಟ್ಸ್‌ರಾಯ್ 1854ರಲ್ಲಿ ಬ್ರಿಟನ್ನಿನ ಹವಾಮಾನ ಕಚೇರಿಯ ಮೊದಲ ಮುಖ್ಯಸ್ಥರಾದವರು. ಉದ್ದನೆಯ ಗಾಜಿನ ಪೆಟ್ಟಿಗೆ, ಒಳಗೆ ಮುದ್ರಿತ ಕಾಗದದ ತುಂಬ ಅವರ ಹವಾಮಾನ ಸೂತ್ರಗಳು, ಪಕ್ಕದಲ್ಲಿ ಕರ್ಪೂರದ ದ್ರಾವಣದ ಗಾಜಿನ ಕೊಳವೆ. ಹೆಸರು ಅವರದಾದರೂ ಇವುಗಳಲ್ಲಿ ಹೆಚ್ಚಿನವು 1865ರಲ್ಲಿ ಅವರು ತೀರಿಕೊಂಡ ಮೇಲೆ ವ್ಯಾಪಾರಿಗಳು ಮಾಡಿ ಮಾರಿದವು.

ನಾಲ್ಕನೆಯದೇ ನಮ್ಮ ಕೈಗೆಟಕುವ ‘ಅನೆರಾಯ್ಡ್’, ಅಂದರೆ ದ್ರವವಿಲ್ಲದ್ದು. ಫ್ರಾನ್ಸಿನ ಲೂಸಿಯನ್ ವಿದಿ 1844ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಗಾಳಿ ಹೀರಿ ತೆಗೆದ ತೆಳು ಲೋಹದ ಡಬ್ಬಿಯೊಂದು ಒತ್ತಡ ಹೆಚ್ಚಿದರೆ ಕುಗ್ಗುತ್ತದೆ, ಕಡಿಮೆಯಾದರೆ ಉಬ್ಬುತ್ತದೆ. ಗಟ್ಟಿ ಸ್ಪ್ರಿಂಗೊಂದು ಅದು ಪೂರ್ತಿ ಚಪ್ಪಟೆಯಾಗದಂತೆ ಎಳೆದು ಹಿಡಿದಿರುತ್ತದೆ. ಕೂದಲೆಳೆಯಷ್ಟರ ಆ ಚಲನೆಯನ್ನು ಸನ್ನೆಕೋಲುಗಳು ಹಿಗ್ಗಿಸಿ ಮುಳ್ಳಿಗೆ ಮುಟ್ಟಿಸುತ್ತವೆ. ಫ್ರೆಂಚ್ ಫಲಕಗಳಲ್ಲಿ ‘ಹೋಲೋಸ್ಟೆರಿಕ್’ ಎಂದಿದ್ದರೂ ಇದೇ ಜಾತಿ.

ಮೊದಲ ಖರೀದಿ ಅನೆರಾಯ್ಡೇ ಆಗಿರಲಿ ಎಂಬುದು ನನ್ನ ಹಠ. ಪಾದರಸದ ಕಾರಣ ಮುಂದೆ ಹೇಳುತ್ತೇನೆ.

ಬೆನ್ನು ನೋಡುವುದು ಹೇಗೆ

ಗೋಡೆಯಿಂದ ಇಳಿಸಿ ತಿರುಗಿಸಿ ನೋಡಲು ಬಿಡದ ಅಂಗಡಿಯಲ್ಲಿ ವ್ಯಾಪಾರ ಮಾಡಬೇಡಿ. ಆದರೆ ಪಾದರಸದ್ದನ್ನು ನೀವೇ ಇಳಿಸಬೇಡಿ, ಅವರಿಂದಲೇ ಇಳಿಸಿ.

ಬ್ಯಾಂಜೊ ಆದರೆ ಹಿಂದೆ ನೀಳವಾದ ಬಾಗಿಲಿರುತ್ತದೆ. ತೆರೆದು ನೋಡಿ. ಗಾಜಿನ ನಳಿಗೆ, ರಾಟೆ, ದಾರ, ಎರಡು ತೂಕ ಇರಬೇಕು. ನಳಿಗೆ ಒಡೆದಾಗ ಅದನ್ನು ಕಿತ್ತೆಸೆದು ಮುಖದ ಹಿಂದೆ ಅಗ್ಗದ ಅನೆರಾಯ್ಡ್ ಯಂತ್ರ ಕೂರಿಸಿದವರು ಬೇಕಾದಷ್ಟು ಜನ. ಉದ್ದನೆಯ ತೋಡು ಖಾಲಿ, ಮೇಲ್ಗಡೆ ನಳಿಗೆಯ ಗುರುತಿನ ಕಲೆ ಮಾತ್ರ. ಎದುರಿನಿಂದ ನೋಡಿದರೆ ತಿಳಿಯುವುದೇ ಇಲ್ಲ. ಅಲಂಕಾರಕ್ಕೆ ಸಾಕು ಎನ್ನುವವರು ಕೊಳ್ಳಲಿ, ಆದರೆ ಪಾದರಸದ ಬ್ಯಾಂಜೊದ ಬೆಲೆ ಕೊಡಬೇಡಿ. ಹಾಗೆಂದು ಅನೆರಾಯ್ಡ್ ಯಂತ್ರ ಇದ್ದದ್ದೆಲ್ಲ ಕಲಬೆರಕೆಯಲ್ಲ. 19ನೇ ಶತಮಾನದ ಕೊನೆಗೆ ಕೆತ್ತನೆಯ ಓಕ್ ಮರದ, ತುಸು ಗಿಡ್ಡ ಮೈಯ ಬ್ಯಾಂಜೊಗಳು ಅನೆರಾಯ್ಡ್ ಆಗಿಯೇ ಹುಟ್ಟಿದವು.

ಆಮೇಲೆ ಸ್ಕ್ರೂಗಳು. ತಲೆಯ ಮೇಲೆ ಕೂಡಿಸುವ ಚಿಹ್ನೆಯಂಥ ಗೀರಿರುವ ಸ್ಕ್ರೂ 1930ರ ದಶಕಕ್ಕೆ ಮೊದಲು ಬಳಕೆಯಲ್ಲಿರಲಿಲ್ಲ. ವಿಕ್ಟೋರಿಯಾ ರಾಣಿಯ ಕಾಲದ್ದು ಎಂದು ಹೇಳುವ ವಸ್ತುವಿನಲ್ಲಿ ಅದು ಇದ್ದರೆ, ಯಾರೋ ಬಿಚ್ಚಿ ಜೋಡಿಸಿದ್ದಾರೆ ಎಂದಾದರೂ ತಿಳಿಯುತ್ತದೆ. ಫಲಕದಲ್ಲಿ ಒತ್ತಡದ ಮಿಲಿಬಾರ್ ಅಳತೆ ಇದ್ದರೆ 20ನೇ ಶತಮಾನದ್ದು. ‘ಕಾಂಪೆನ್ಸೇಟೆಡ್’ ಎಂದಿದ್ದರೆ ಅದು ಬಿಸಿಲು ಚಳಿಯ ಏರುಪೇರನ್ನು ಯಂತ್ರವೇ ಸರಿದೂಗಿಸುತ್ತದೆ ಎಂಬ ಒಳ್ಳೆಯ ಗುರುತು.

ಮರದ ಮೇಲಿನ ಸೂಜಿಮೊನೆಯಷ್ಟರ ತೂತುಗಳನ್ನು ಉಗುರಿನಿಂದ ತಟ್ಟಿ. ಹಿಟ್ಟಿನಂಥ ಹೊಸ ಪುಡಿ ಉದುರಿದರೆ ಕೊರೆಹುಳ ಇನ್ನೂ ಬದುಕಿದೆ. ಅದನ್ನು ಮನೆಗೆ ತಂದರೆ ನಿಮ್ಮ ತೇಗದ ಬೀರುವಿಗೂ ನೆಂಟಸ್ತಿಕೆ ಬೆಳೆಯುತ್ತದೆ.

ಹಡಗಿನ ಹಿತ್ತಾಳೆ ಸಾಮಾನು ಎಂದು ಮಾರುವವುಗಳ ಬಗ್ಗೆ ಒಂದು ಮಾತು. ಮುಂಬೈಯ ಚೋರ್ ಬಜಾರಿನಿಂದ ಹಿಡಿದು ಕೊಚ್ಚಿಯ ಅಂಗಡಿಗಳವರೆಗೆ ಮಿರಮಿರ ಮಿಂಚುವ ದಿಕ್ಸೂಚಿ, ಸೆಕ್ಸ್‌ಟೆಂಟ್ (ನಾವಿಕರು ಸೂರ್ಯ, ನಕ್ಷತ್ರಗಳ ಕೋನ ಅಳೆಯುವ ಉಪಕರಣ), ಬ್ಯಾರೋಮೀಟರ್ ಸಾಲುಗಟ್ಟಿವೆ. ಇವುಗಳಲ್ಲಿ ಬಹುಪಾಲು ರೂರ್ಕಿ, ಮೊರಾದಾಬಾದ್ ಕಡೆಯ ಕಾರ್ಖಾನೆಗಳ ಹೊಸ ಮಾಲು. ಕೆಲಸ ಚೊಕ್ಕಟವಾಗಿಯೇ ಇರುತ್ತದೆ, ತಕರಾರು ಅದಕ್ಕೆ ಹಳೆಯ ಇಸವಿ ಕೊರೆಯುವುದರ ಮೇಲೆ. ‘ಕೆಲ್ವಿನ್ ಅಂಡ್ ಹ್ಯೂಸ್, ಲಂಡನ್, 1917’ ಎಂಬ ಬರಹ ಎಷ್ಟು ಕಡೆ ಕಂಡಿದ್ದೇನೋ ಲೆಕ್ಕವಿಲ್ಲ. ಕೆಲ್ವಿನ್‌ರ ಸಂಸ್ಥೆಯೂ ಹ್ಯೂಸ್‌ರ ಸಂಸ್ಥೆಯೂ ಒಂದಾದದ್ದೇ 1940ರ ದಶಕದಲ್ಲಿ. ಮದುವೆಗೆ ಮುಂಚೆಯೇ ಮಗುವಿನ ನಾಮಕರಣ!

ಜೀವ ಇದೆಯೇ ಎಂದು ಪರೀಕ್ಷಿಸಿ

ಅನೆರಾಯ್ಡಿಗೆ ಮೂರು ಪರೀಕ್ಷೆ. ಮೊದಲನೆಯದಕ್ಕೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಸಾಕು. ಬ್ಯಾರೋಮೀಟರನ್ನು ಒಳಗಿಟ್ಟು, ಗಾಳಿ ಉಳಿಯುವಂತೆ ಬಾಯಿ ಬಿಗಿದು, ಚೀಲವನ್ನು ಅಂಗೈಗಳಿಂದ ಮೆಲ್ಲಗೆ ಒತ್ತಿ. ಮುಳ್ಳು ಬಲಕ್ಕೆ ಸರಿದು, ಕೈ ಬಿಟ್ಟ ಕೂಡಲೇ ಮೊದಲಿದ್ದಲ್ಲಿಗೆ ಮರಳಬೇಕು. ಅಲುಗಾಡದಿದ್ದರೆ ಡಬ್ಬಿ ತೂತಾಗಿದೆ ಇಲ್ಲವೇ ಸನ್ನೆ ಕಳಚಿದೆ. ಸನ್ನೆ ಕಳಚಿದ್ದನ್ನು ಕೈಗಡಿಯಾರ ರಿಪೇರಿ ಮಾಡುವ ಜಾಣರೂ ಕೂಡಿಸಬಲ್ಲರು. ತೂತು ಡಬ್ಬಿಯ ಆಸೆ ಬಿಡಿ.

ಎರಡನೆಯದು ಲಿಫ್ಟಿನ ಪರೀಕ್ಷೆ. ಹತ್ತು ಮಹಡಿ ಇಳಿದರೆ, ಅಂದರೆ ಸುಮಾರು 30 ಮೀಟರ್, ಒತ್ತಡ ಸುಮಾರು 3 ಹೆಕ್ಟೋಪಾಸ್ಕಲ್ (ಮಿಲಿಬಾರಿನದೇ ಇನ್ನೊಂದು ಹೆಸರು) ಹೆಚ್ಚುತ್ತದೆ. ಇಂಚಿನ ಅಳತೆಯಲ್ಲಿ 0.1ಕ್ಕೆ ತುಸು ಕಡಿಮೆ. ಫಲಕದ ಮೇಲೆ ಅದು ಕಣ್ಣಿಗೆ ಕಾಣುವಷ್ಟು ಚಲನೆ. ನೆರೆಹೊರೆಯವರು ಏನೆಂದುಕೊಳ್ಳುತ್ತಾರೋ ಎಂಬ ಸಂಕೋಚ ಒಂದೇ ವಾರದಲ್ಲಿ ಹೋಗುತ್ತದೆ.

ಮೂರನೆಯದು ನಿಧಾನದ್ದು, ಆದರೆ ನನಗೆ ಅಚ್ಚುಮೆಚ್ಚಿನದು. ಉಷ್ಣವಲಯದಲ್ಲಿ ಗಾಳಿಯ ಒತ್ತಡ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಬೆಳಗ್ಗೆ ಹತ್ತರ ಸುಮಾರಿಗೆ ಮೇಲೆ, ಸಂಜೆ ನಾಲ್ಕರ ಸುಮಾರಿಗೆ ಕೆಳಗೆ. ರಾತ್ರಿ ಹತ್ತಕ್ಕೆ ಮತ್ತೆ ಮೇಲೆ, ನಸುಕಿನ ನಾಲ್ಕಕ್ಕೆ ಮತ್ತೆ ಕೆಳಗೆ. ಸೂರ್ಯನ ಬಿಸಿಗೆ ವಾತಾವರಣವೇ ಹೀಗೆ ಉಸಿರಾಡುತ್ತದೆ. ಇಂಗ್ಲೆಂಡಿನಲ್ಲಿ ಒಂದರ ಹಿಂದೊಂದು ಬರುವ ಬಿರುಗಾಳಿಗಳ ಗದ್ದಲದಲ್ಲಿ ಈ ಸಣ್ಣ ಉಸಿರು ಮುಚ್ಚಿಹೋಗುತ್ತದೆ. ಅಲ್ಲಿಂದ ಬಂದ ಉಪಕರಣ ನಮ್ಮ ಗೋಡೆಯ ಮೇಲೆ ಅದನ್ನು ಸ್ಪಷ್ಟವಾಗಿ ತೋರಿಸುತ್ತದೆ. ಹತ್ತು ಗಂಟೆಗೂ ನಾಲ್ಕು ಗಂಟೆಗೂ ನಡುವೆ ಮೂರು ನಾಲ್ಕು ಹೆಕ್ಟೋಪಾಸ್ಕಲ್ ವ್ಯತ್ಯಾಸ ಕಾಣದ ಅನೆರಾಯ್ಡ್ ಸತ್ತಿದೆ ಅಥವಾ ತುಕ್ಕು ಹಿಡಿದಿದೆ.

ಪಾದರಸದ ಸ್ಟಿಕ್ ಆದರೆ ವ್ಯಾಪಾರಿಯೇ ಅದನ್ನು ಬಹಳ ನಿಧಾನವಾಗಿ 45 ಡಿಗ್ರಿಯಷ್ಟು ವಾಲಿಸಲಿ. ಪಾದರಸ ನಳಿಗೆಯ ತುದಿ ಮುಟ್ಟಿದಾಗ ‘ಟಿಕ್’ ಎಂಬ ಖಡಕ್ ಸದ್ದು ಕೇಳಿದರೆ ಮೇಲ್ಭಾಗದ ನಿರ್ವಾತ ಗಟ್ಟಿಯಾಗಿದೆ. ಮೆತ್ತನೆಯ ಸದ್ದು ಬಂದರೆ, ಗುಳ್ಳೆ ಕಂಡರೆ, ಒಳಗೆ ಗಾಳಿ ಸೇರಿದೆ.

ಪಾದರಸ: ಆಟಿಕೆ ಅಲ್ಲ

ಚಿಕ್ಕಂದಿನಲ್ಲಿ ಥರ್ಮಾಮೀಟರ್ ಒಡೆದು ಅಂಗೈಯಲ್ಲಿ ಪಾದರಸ ಉರುಳಿಸಿ ಆಡಿದವರು ನಮ್ಮಲ್ಲಿ ಬಹಳ ಮಂದಿ. ಬ್ಯಾರೋಮೀಟರಿನಲ್ಲಿ ಇರುವುದು ಅದರ ಎಷ್ಟೋ ಪಟ್ಟು, ಮತ್ತು ಅದರ ಆವಿ ನರಮಂಡಲಕ್ಕೆ ವಿಷ. ಮಕ್ಕಳಿರುವ ಮನೆಗೆ ಬೇಡವೆಂದೇ ನನ್ನ ಖಡಾಖಂಡಿತ ಅಭಿಪ್ರಾಯ. ಐರೋಪ್ಯ ಒಕ್ಕೂಟ 2007ರಲ್ಲಿ ಹೊಸ ಪಾದರಸದ ಮಾಪಕಗಳನ್ನು ಸಾರ್ವಜನಿಕರಿಗೆ ಮಾರುವುದನ್ನು ತಡೆಯುವ ನಿರ್ದೇಶನ ತಂದಿತು. 50 ವರ್ಷಕ್ಕಿಂತ ಹಳೆಯವಕ್ಕೆ ಮಾತ್ರ ವಿನಾಯಿತಿ ಕೊಟ್ಟಿತು.

ಚೆಲ್ಲಿದರೆ ಪೊರಕೆ ಮುಟ್ಟಬೇಡಿ, ವ್ಯಾಕ್ಯೂಮ್ ಕ್ಲೀನರ್ ಅಂತೂ ಬೇಡವೇ ಬೇಡ. ಅದು ಹನಿಗಳನ್ನು ಆವಿಯಾಗಿಸಿ ಕೋಣೆಯ ತುಂಬ ಹರಡುತ್ತದೆ. ಮಕ್ಕಳನ್ನು ಹೊರಗೆ ಕಳುಹಿಸಿ, ಕಿಟಕಿ ತೆರೆಯಿರಿ. ಉಂಗುರ, ಬಳೆ ತೆಗೆದಿಡಿ. ಪಾದರಸ ತಾಗಿದ ಚಿನ್ನ ಬೆಳ್ಳಗಾಗುತ್ತದೆ ಎಂಬುದನ್ನು ಯಾವ ಅಕ್ಕಸಾಲಿಗರನ್ನು ಕೇಳಿದರೂ ಹೇಳುತ್ತಾರೆ. ಕೈಗವಸು ತೊಟ್ಟು, ಗಟ್ಟಿ ಕಾಗದದ ಅಂಚಿನಿಂದ ಹನಿಗಳನ್ನು ಒಂದೆಡೆ ಕೂಡಿಸಿ, ಡ್ರಾಪರಿನಿಂದ ಹೀರಿ, ಬಿಗಿ ಮುಚ್ಚಳದ ಬಾಟಲಿಗೆ ಹಾಕಿ. ಅದನ್ನು ಚರಂಡಿಗೆ ಸುರಿಯಬಾರದು. ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವವರಿಗೇ ಒಪ್ಪಿಸಬೇಕು.

ಲಂಡನ್, ಮ್ಯಾಂಚೆಸ್ಟರ್ ಕಡೆ ಇರುವ ಕನ್ನಡಿಗರು ಪೋರ್ಟೊಬೆಲೊ ರಸ್ತೆಯ ಶನಿವಾರದ ಸಂತೆಯಲ್ಲಿ ಬ್ಯಾಂಜೊ ಕಂಡು ಮನಸೋಲುವುದು ಸಹಜ. ಅದನ್ನು ಊರಿಗೆ ತರುವ ಯೋಚನೆ ಮಾತ್ರ ಕೈಬಿಡಿ. ಪ್ರಯಾಣಿಕರು ವಿಮಾನದಲ್ಲಿ ಪಾದರಸದ ಬ್ಯಾರೋಮೀಟರ್ ಒಯ್ಯುವಂತಿಲ್ಲ. ಸರಕಾರಿ ಹವಾಮಾನ ಇಲಾಖೆಯ ಪ್ರತಿನಿಧಿಗಳಿಗೆ ಮಾತ್ರ, ಅದೂ ಷರತ್ತುಗಳೊಂದಿಗೆ, ಅವಕಾಶವಿದೆ. ವಿಮಾನದ ಲೋಹದ ಮೈ ಅಲ್ಯೂಮಿನಿಯಂ, ಪಾದರಸ ಅದನ್ನು ತಿನ್ನುತ್ತದೆ. ಅನೆರಾಯ್ಡ್ ಆದರೆ ಬಟ್ಟೆ ಸುತ್ತಿ ಕೈಚೀಲದಲ್ಲೇ ತನ್ನಿ. ಹಾರುವಾಗ ಕ್ಯಾಬಿನ್ನಿನ ಒತ್ತಡ ಹೆಚ್ಚುಕಡಿಮೆ ಮುಳ್ಳಯ್ಯನಗಿರಿಯ ತುದಿಯಲ್ಲಿರುವಷ್ಟಕ್ಕೆ ಇಳಿಯುತ್ತದೆ. ಮುಳ್ಳು ಎಲ್ಲೋ ಕೆಳಗೆ ಬಿದ್ದಿರುವುದು ಕಂಡು ಗಾಬರಿಯಾಗಬೇಡಿ.

ಎತ್ತರಕ್ಕೆ ಹೊಂದಿಸುವುದು

ನಮ್ಮ ಓದುಗರು ಎಡವುವುದು ಇಲ್ಲಿಯೇ. ಇಂಗ್ಲೆಂಡಿನ ಮನೆಗಾಗಿ ಮಾಡಿದ ಫಲಕ ಸಾಮಾನ್ಯವಾಗಿ 28ರಿಂದ 31 ಇಂಚಿನವರೆಗೆ ಇರುತ್ತದೆ, ನಡುನೆತ್ತಿಯಲ್ಲಿ 29.5ರ ಮೇಲೆ ‘ಚೇಂಜ್’. ಬೆಂಗಳೂರಿನ ನಿಜವಾದ ಒತ್ತಡ ಸುಮಾರು 910 ಹೆಕ್ಟೋಪಾಸ್ಕಲ್, ಅಂದರೆ 27 ಇಂಚಿನ ಆಸುಪಾಸು. ಮಡಿಕೇರಿಯಲ್ಲಿ ಇನ್ನೂ ಕಡಿಮೆ, 26ರ ಹತ್ತಿರ. ಮಂಗಳೂರು, ಉಡುಪಿ, ಕಾರವಾರದವರು ಪುಣ್ಯವಂತರು, ಅವರಿಗೆ ಏನೂ ಮಾಡಬೇಕಾಗಿಲ್ಲ.

ಅನೆರಾಯ್ಡಿನ ಹಿಂಬದಿಯಲ್ಲಿ ಸಣ್ಣ ತೂತಿದೆ, ಒಳಗೆ ಒಂದು ಸ್ಕ್ರೂ. ಹವಾಮಾನ ಇಲಾಖೆ ಪ್ರಕಟಿಸುವ, ಸಮುದ್ರಮಟ್ಟಕ್ಕೆ ಪರಿವರ್ತಿಸಿದ ಒತ್ತಡವನ್ನು ನೋಡಿಕೊಂಡು, ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿ, ಗಾಜು ತಟ್ಟಿ, ಮತ್ತೆ ನೋಡಿ. ಹಳೆಯ ಯಂತ್ರಗಳಲ್ಲಿ ಬೆಂಗಳೂರಿನ ಎತ್ತರದವರೆಗೂ ಸ್ಕ್ರೂ ಎಟಕದೆ ಇರಬಹುದು. ಬಿಗಿಯಾದರೆ ಅಲ್ಲಿಗೇ ನಿಲ್ಲಿಸಿ. ಬಲ ಹಾಕಿದರೆ ಸ್ಪ್ರಿಂಗ್ ಕೈಕೊಡುತ್ತದೆ. ನನ್ನ ಓಕ್ ಬ್ಯಾರೋಮೀಟರನ್ನು ನಾನು ಹೊಂದಿಸಲೇ ಇಲ್ಲ. ಅಂಕಿಯಿಲ್ಲದ ಜಾಗದಲ್ಲೇ ಅದು ದಿನಕ್ಕೆರಡು ಸಲ ಉಸಿರಾಡಿಕೊಂಡಿದೆ, ಫಲಕದ ಅಂಚಿಗೆ ಪೆನ್ಸಿಲಿನಿಂದ ಗೆರೆ ಹಾಕಿದ ಕಾಗದದ ಪಟ್ಟಿ ಸಿಕ್ಕಿಸಿದ್ದೇನೆ. ಸ್ಟಿಕ್ ಆದರೆ ಪಾದರಸ ಬೆಂಗಳೂರಿನಲ್ಲಿ ಅಳತೆಪಟ್ಟಿಯಿಂದಲೇ ಕೆಳಗಿಳಿದುಬಿಡುತ್ತದೆ, ಅದಕ್ಕೆ ಸ್ಕ್ರೂ ಮದ್ದಲ್ಲ.

ಫಲಕದ ಮೇಲಿನ ‘ರೇನ್’, ‘ಫೇರ್’, ‘ವೆರಿ ಡ್ರೈ’ ಪದಗಳನ್ನು ನಂಬಿ ಬಟ್ಟೆ ಒಣಹಾಕಬೇಡಿ. ಅವು ಇಂಗ್ಲೆಂಡಿನ ಗಾಳಿಗೆ ಬರೆದವು, ಅಲ್ಲಿಯೂ ಅರ್ಧಂಬರ್ಧ. ನಮ್ಮ ಆಷಾಢದ ಜಡಿಮಳೆಯಲ್ಲೂ ಕರಾವಳಿಯ ಮುಳ್ಳು ‘ಫೇರ್’ ಕಡೆಗೆ ವಾಲಿ ನಿಂತದ್ದುಂಟು. ಕರಾವಳಿಯವರಿಗೆ ಉಪಯೋಗವಾಗುವ ಸುದ್ದಿ ಒಂದೇ: ಚಂಡಮಾರುತ ಹತ್ತಿರವಾದರೆ ಒತ್ತಡ ದಿನದ ಲಯವನ್ನು ಮುರಿದು ಒಂದೇ ಸಮನೆ ಕುಸಿಯುತ್ತದೆ.

ಒರೆಸುವ ಚಪಲ ಬಿಡಿ

ಹಬ್ಬದ ಹಿಂದಿನ ದಿನ ದೇವರ ದೀಪಗಳನ್ನು ಹುಣಸೆಹಣ್ಣಿನಿಂದ ತಿಕ್ಕಿ ಬೆಳಗುವ ಮನೆಯಲ್ಲಿ ಬ್ಯಾರೋಮೀಟರಿಗೆ ಕಂಟಕ ಕಾದಿದೆ. ಬ್ಯಾಂಜೊದ ಬಿಳಿಯ ಫಲಕ ಹಿತ್ತಾಳೆ, ಅದರ ಮೇಲೆ ಬೆಳ್ಳಿಯ ತೀರ ತೆಳ್ಳನೆಯ ಲೇಪ. ಹುಣಸೆಹಣ್ಣಾಗಲಿ ಪಾಲಿಶ್ ಆಗಲಿ ಒಂದೇ ಸಲಕ್ಕೆ ಆ ಲೇಪವನ್ನು ತೆಗೆದು, ಕೆಳಗಿನ ಹಳದಿಯನ್ನು ಹೊರಗೆಡವುತ್ತದೆ. ಒಣ ಮೆತ್ತನೆಯ ಬ್ರಶ್ಶಿನಿಂದ ಧೂಳು ಕೊಡವಿದರೆ ಸಾಕು. ಮರಕ್ಕೆ ವರ್ಷಕ್ಕೊಮ್ಮೆ ಜೇನುಮೇಣದ ಪಾಲಿಶ್ ತೆಳ್ಳಗೆ.

ಎದ್ದುಬಂದ ಮಹಾಗನಿ ಪದರ, ಕಳಚಿದ ಶಂಖದ ಚಿತ್ತಾರದ ತುಣುಕುಗಳನ್ನು ಬಿಸಾಡದೆ ಲಕೋಟೆಯಲ್ಲಿಡಿ. ಮೈಸೂರಿನಲ್ಲಿ ಬೀಟೆ ಮರದ ಮೇಲೆ ಬೇರೆ ಬೇರೆ ಬಣ್ಣದ ಮರ ಕೂರಿಸುವ ಕುಶಲಕರ್ಮಿಗಳಿದ್ದಾರೆ. ಇಂಥ ಕೆಲಸ ಅವರ ಕೈಗೆ ಅಪರಿಚಿತವಲ್ಲ. ಫೆವಿಕಾಲ್ ಬಳಿದು ನೀವೇ ಅಂಟಿಸಿದರೆ ಮುಂದೆ ಬಿಡಿಸಲು ಬರುವುದಿಲ್ಲ. ಹಳೆಯ ಕೆಲಸಗಾರರು ಬಳಸಿದ್ದು ಪ್ರಾಣಿಜನ್ಯ ಅಂಟು, ಅದು ಬಿಸಿನೀರಿಗೆ ಬಿಡುತ್ತದೆ.

ಬಿಸಿಲು ಬೀಳದ, ಒಲೆಯ ಶಾಖ ತಾಗದ ಒಳಗೋಡೆಗೆ ನೇತುಹಾಕಿ. ಬ್ಯಾಂಜೊದ ಬುಡದಲ್ಲಿ ಗುಳ್ಳೆಯ ಸಮತಲ ಮಾಪಕ ಇರುತ್ತದೆ, ಗುಳ್ಳೆ ನಡುವೆ ನಿಲ್ಲಬೇಕು. ಅಲ್ಲಿ ಕೊರೆದಿರುವ ಹೆಸರು ಎಷ್ಟೋ ಸಲ ತಯಾರಿಸಿದವನದ್ದಲ್ಲ, ಮಾರಿದವನದ್ದು.

ಕಾನೂನು ಮತ್ತು ಕಡತ

1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ಕುಶಲ ಕೆಲಸದ ವಸ್ತು, ವಿಜ್ಞಾನದ ಇತಿಹಾಸ ಹೇಳುವ ವಸ್ತು, ಪ್ರಾಚ್ಯವಸ್ತುವಾಗಬಲ್ಲದು. ಅಂಥದ್ದನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ನೂರು ತುಂಬದ್ದಾದರೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ಪ್ರಾಚ್ಯವಸ್ತುವಲ್ಲ ಎಂಬ ಪ್ರಮಾಣಪತ್ರ ಪಡೆದೇ ವಿದೇಶದ ಮಕ್ಕಳಿಗೆ ಕಳುಹಿಸುವುದು ಜಾಣತನ. ವಿದೇಶದಿಂದ ತಂದವುಗಳ ಬಿಲ್ಲು, ಸುಂಕದ ರಸೀದಿ, ಬೆನ್ನಿನ ಫೋಟೊ ಒಂದೇ ಕಡತದಲ್ಲಿರಲಿ.

ಮುಂದೇನು ಕೊಳ್ಳಲಿ ಎಂದು ಕೇಳುವವರಿಗೆ ನನ್ನ ಉತ್ತರ ಬ್ಯಾರೋಗ್ರಾಫ್. ಗಾಜಿನ ಪೆಟ್ಟಿಗೆಯೊಳಗೆ ಅನೆರಾಯ್ಡ್ ಡಬ್ಬಿಗಳ ಗೋಪುರ, ವಾರಕ್ಕೊಮ್ಮೆ ಕೀಲಿ ಕೊಡುವ ಉರುಳೆ, ಅದಕ್ಕೆ ಸುತ್ತಿದ ಕಾಗದದ ಮೇಲೆ ಗೆರೆ ಎಳೆಯುವ ಶಾಯಿಯ ಮುಳ್ಳು. ಶಾಂತ ಹವೆಯ ವಾರದಲ್ಲಿ ನಮ್ಮೂರಿನ ಕಾಗದದ ಮೇಲೆ ಎಣಿಸಿ ಹದಿನಾಲ್ಕು ದಿಬ್ಬ ಮೂಡುತ್ತವೆ. ಗೋಡೆ ಗಡಿಯಾರ, ಚಹಾಪೆಟ್ಟಿಗೆ, ಮೇಣದಬತ್ತಿಯ ಕಂಬಗಳನ್ನು ಆಮೇಲೆ ನಿಧಾನವಾಗಿ ಸೇರಿಸಿಕೊಳ್ಳಬಹುದು. ಬೆನ್ನು ನೋಡುವ ನಿಯಮ ಅವಕ್ಕೂ ಒಂದೇ.

ಸದ್ಯಕ್ಕೆ ಕೊಂಡದ್ದನ್ನು ಗೋಡೆಗೆ ಹಾಕಿ. ಫಲಕದಲ್ಲಿ ಎರಡು ಮುಳ್ಳುಗಳಿರುತ್ತವೆ: ತಾನಾಗಿ ಚಲಿಸುವ ಉಕ್ಕಿನದು, ಕೈಯಿಂದ ತಿರುಗಿಸುವ ಹಿತ್ತಾಳೆಯದು. ನಾಳೆ ಬೆಳಗ್ಗೆ ಹತ್ತಕ್ಕೆ ಗಾಜು ತಟ್ಟಿ, ಹಿತ್ತಾಳೆಯ ಮುಳ್ಳನ್ನು ಉಕ್ಕಿನದರ ಮೇಲೆ ತಂದು ನಿಲ್ಲಿಸಿ ಕೆಲಸಕ್ಕೆ ಹೋಗಿ. ಸಂಜೆ ನಾಲ್ಕಕ್ಕೆ ಮನೆಯಲ್ಲಿದ್ದವರು ಇನ್ನೊಮ್ಮೆ ತಟ್ಟಿ ನೋಡಲಿ. ಉಕ್ಕಿನ ಮುಳ್ಳು ಎಡಕ್ಕೆ ಸರಿದಿದ್ದರೆ ನೀವು ಕೊಟ್ಟ ದುಡ್ಡು ದಂಡವಾಗಿಲ್ಲ.